ಕ್ರಾಸ್ ಕಂಟ್ರಿ ರೇಸಲ್ಲಿ ಟೈಮ್ ಜಾಸ್ತಿ ಆಯ್ತು ಅಂದ್ರೆ ಕೆಟ್ಟದಾಗಿ ಓಡಿದ್ಲು ಅಂತಾನಾ?

ಪ್ರಶ್ನೆ (ಓಟಗಾರ್ತಿಯ ಅಪ್ಪ): ನಮಸ್ತೆ ಮೇಡಂ, ನನ್ನ ಮಗಳಿಗೆ 16 ವರ್ಷ. ಹೋದ ತಿಂಗಳು ಒಂದು 6 ಕಿ.ಮೀ. ಕ್ರಾಸ್ ಕಂಟ್ರಿ ಓಡಿದ್ಲು, ಒಣಗಿದ ಸಮತಟ್ಟು ಮೈದಾನ, 24:10, 90 ಜನದಲ್ಲಿ 19ನೇ ಸ್ಥಾನ ಬಂತು, ಮನೇಲೆಲ್ಲ ಖುಷಿ. ಈ ಭಾನುವಾರ ಬೇರೆ ಕಡೆ ಅದೇ 6 ಕಿ.ಮೀ., ರಾತ್ರಿಯೆಲ್ಲ ಮಳೆ ಸುರಿದು ಕೆಸರು, ಮೇಲೆ ಒಂದು ದೊಡ್ಡ ಏರು ಬೇರೆ, 26:35 ತಗೊಂಡ್ಲು, 142 ಜನದಲ್ಲಿ 31. ಎರಡೂವರೆ ನಿಮಿಷ ಹಿಂದೆ ಬಿದ್ದೆ ಅಂತ ಎರಡು ದಿನದಿಂದ ಶೂ ಮುಟ್ಟಿಲ್ಲ. ಅವಳ ಕೋಚ್ ಮಾತ್ರ ಚೆನ್ನಾಗೇ ಓಡಿದ್ದೀಯ ಅಂತಾರೆ, ಸಮಾಧಾನಕ್ಕೆ ಹೇಳ್ತಿದ್ದಾರೋ ನಿಜಾನೋ ಗೊತ್ತಾಗ್ತಿಲ್ಲ. ಟೈಮ್ ಬಿಟ್ರೆ ಇನ್ನು ಹೇಗೆ ನೋಡೋದು?

ಉತ್ತರ (ಕೋಚ್): ನಮಸ್ತೆ ಸರ್. ಮೊದಲು ಆ ಎರಡು ಟೈಮನ್ನ ಪಕ್ಕಪಕ್ಕ ಇಟ್ಟು ನೋಡೋದು ಬಿಡಿ. ಟ್ರ್ಯಾಕಲ್ಲಿ 400 ಮೀಟರ್ ಅಂದ್ರೆ ಎಲ್ಲಿ ಹೋದ್ರೂ 400 ಮೀಟರೇ, ಆದ್ರೆ ಟ್ರ್ಯಾಕ್ ಬಿಟ್ಟು ಹುಲ್ಲು, ಮಣ್ಣು, ಏರುಗಳ ಮೇಲೆ ಓಡೋ ಕ್ರಾಸ್ ಕಂಟ್ರಿಲಿ 6 ಕಿ.ಮೀ. ಅಂತ ಬೋರ್ಡಲ್ಲಿ ಬರೆದಿದ್ದು ಎಷ್ಟೋ ಸಲ 5.8 ಇರುತ್ತೆ, 6.2 ಇರುತ್ತೆ, ಕೈಗೆ ಕಟ್ಟಿದ ಜಿಪಿಎಸ್ ವಾಚು ಮರದ ಕೆಳಗೆ, ತಿರುವುಗಳಲ್ಲಿ ತಪ್ಪು ಲೆಕ್ಕ ಕೊಡುತ್ತೆ, ಅದನ್ನೂ ಪೂರ್ತಿ ನಂಬೋ ಹಾಗಿಲ್ಲ. ಹುಲ್ಲು, ಕೆಸರು, ಏರು, ಬಿಸಿಲು, ಗಾಳಿ ಎಲ್ಲಾ ಸೇರಿ ಟೈಮ್ ಆಗೋದು. ಜಗತ್ತಿನ ಅಥ್ಲೆಟಿಕ್ಸ್ ನೋಡ್ಕೊಳ್ಳೋ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್‌ನವರು ಕ್ರಾಸ್ ಕಂಟ್ರಿಗೆ ವಿಶ್ವದಾಖಲೆ ಅಂತ ಇಟ್ಟಿಲ್ಲ ಅಂದ್ರೆ ಕಾರಣ ಇದೇ. 1924ರ ಪ್ಯಾರಿಸ್ ಒಲಿಂಪಿಕ್ಸಲ್ಲಿ ಸುಡು ಬಿಸಿಲಿಗೆ 38 ಜನ ಹೊರಟು 15 ಜನ ಮಾತ್ರ ಮುಗಿಸಿದ್ರು, ಅಲ್ಲಿಂದಾಚೆಗೆ ಕ್ರಾಸ್ ಕಂಟ್ರಿ ಒಲಿಂಪಿಕ್ಸಲ್ಲೇ ಇಲ್ಲ. ಅಂಥ ದಿನದ ಟೈಮು ತಗೊಂಡು ಬೇರೆ ದಿನದ ಟೈಮ್ ಜೊತೆ ಇಟ್ರೆ ಏನು ಗೊತ್ತಾಗುತ್ತೆ ಹೇಳಿ.

ಬರೀ ಸ್ಥಾನ ನೋಡಿದ್ರೂ ಸಾಲ್ದು. 90ರಲ್ಲಿ 19, 142ರಲ್ಲಿ 31, ಎರಡೂ ಸುಮಾರು ಮೊದಲ 21-22 ಪರ್ಸೆಂಟ್ ಒಳಗೇ ಬಂತು, ಆದ್ರೆ ಎರಡನೇ ರೇಸಿಗೆ ಬಂದೋರು ಗಟ್ಟಿಗರಾ ಅಲ್ವಾ ಅನ್ನೋದು ಅದರಲ್ಲಿ ಕಾಣಲ್ಲ. ನಾನು ಮಾಡೋದು ಹೇಳ್ತೀನಿ, ಪೆನ್ನು ಪೇಪರ್ ಸಾಕು. ಎರಡೂ ರೇಸಿನ ರಿಸಲ್ಟ್ ಶೀಟ್ ತಗೊಂಡು, ಎರಡರಲ್ಲೂ ಓಡಿರೋ ಹುಡುಗೀರನ್ನ ಹುಡುಕಿ, ಒಬ್ಬೊಬ್ಬರಿಗೂ ಎರಡನೇ ಸಲ ಎಷ್ಟು ಪರ್ಸೆಂಟ್ ಟೈಮ್ ಜಾಸ್ತಿ ಆಗಿದೆ ಅಂತ ಬರೀರಿ, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಸರಿಯಾಗಿ ನಡುವಿನಲ್ಲಿ ಬರೋ ಸಂಖ್ಯೆ ನೋಡಿ. ಸರಾಸರಿ ಬೇಡ, ಯಾಕಂದ್ರೆ ಒಬ್ಬಳು ಬಿದ್ದಿರ್ತಾಳೆ, ಇನ್ನೊಬ್ಬಳಿಗೆ ಜ್ವರ ಇದ್ದಿರುತ್ತೆ, ಅಂಥವರಿಂದ ಲೆಕ್ಕ ಕೆಡುತ್ತೆ. ಗೆದ್ದವಳ ಟೈಮ್ ಜೊತೆ ಹೋಲಿಸೋದೂ ಬೇಡ, ಅವಳು ಬೇರೆ ಮಟ್ಟದವಳು ಇರಬಹುದು, ಇಲ್ಲಾ ಕೊನೇ ಸುತ್ತಿನವರೆಗೂ ಸುಮ್ನೆ ಗುಂಪಲ್ಲೇ ಇದ್ದು ಕೊನೇಲಿ ಬಿಟ್ಟು ಹೋಗಿರಬಹುದು.

ಪ್ರಶ್ನೆ (ಅದೇ ಅಪ್ಪ): ಮಾಡ್ದೆ ಮೇಡಂ. 11 ಜನ ಸಿಕ್ಕಿದ್ರು. ಎಲ್ಲಕ್ಕಿಂತ ಕಮ್ಮಿ 7 ಪರ್ಸೆಂಟ್, ಎಲ್ಲಕ್ಕಿಂತ ಜಾಸ್ತಿ 19, ನಡುವಿನದ್ದು 12. ನನ್ನ ಮಗಳದ್ದು 10.

ಉತ್ತರ (ಕೋಚ್): ನೋಡಿದ್ರಾ. 24:10ಕ್ಕೆ 12 ಪರ್ಸೆಂಟ್ ಸೇರಿಸಿದ್ರೆ 27:04 ಆಗುತ್ತೆ. ಹೋದ ಸಲದಷ್ಟೇ ಚೆನ್ನಾಗಿ ಓಡಿದ್ರೆ ಆ ಕೆಸರಲ್ಲಿ ಅವಳ ಟೈಮ್ ಹೆಚ್ಚುಕಮ್ಮಿ ಅಷ್ಟಿರಬೇಕಿತ್ತು, ಅವಳು ಅದಕ್ಕಿಂತ 29 ಸೆಕೆಂಡ್ ಮುಂಚೆ ಬಂದಿದ್ದಾಳೆ. ಆದ್ರೆ 11 ಜನ ಅಂದ್ರೆ ಸಣ್ಣ ಲೆಕ್ಕ, ಒಂದೆರಡು ಪರ್ಸೆಂಟ್ ಆಕಡೆ ಈಕಡೆ ಆಗೋದು ಸಹಜ, ಅದಕ್ಕೇ ಭಾರೀ ಸುಧಾರಿಸಿದ್ದಾಳೆ ಅಂತ ನಾನು ಹೇಳಲ್ಲ. ಕೆಲವರ ಓಟಕ್ಕೆ ಕೆಸರು ಒಗ್ಗುತ್ತೆ, ಅದೂ ಇರಬಹುದು. ಕೆಟ್ಟದಾಗಿ ಓಡಿಲ್ಲ ಅನ್ನೋದು ಮಾತ್ರ ಖಂಡಿತ, ಅವಳ ಕೋಚ್ ಸುಳ್ಳು ಹೇಳಿಲ್ಲ. ಈ ಪೇಪರನ್ನ ಅವಳ ಕೈಗೇ ಕೊಡಿ, ಅವಳೇ ಲೆಕ್ಕ ಹಾಕ್ಲಿ. ಸುತ್ತಿನ ಟೈಮ್ ಇದ್ರೆ ಅದನ್ನೂ ಹಾಕಿ.

ಪ್ರಶ್ನೆ (ಇನ್ನೊಬ್ಬ ಓಟಗಾರ): ಮೇಡಂ ಮಧ್ಯೆ ಬರ್ತಿದೀನಿ ಕ್ಷಮಿಸಿ, ನಾನು ಯಾವಾಗ್ಲೂ ಮೊದಲನೇ ಸುತ್ತು ಮುಂದಿರ್ತೀನಿ ಕೊನೇಲಿ ಕುಸೀತೀನಿ, ಹೋದ ರೇಸಲ್ಲಿ 5ರಿಂದ 40ಕ್ಕೆ ಬಿದ್ದೆ. ನಾನು 40ನೇ ಸ್ಥಾನದ ಓಟಗಾರ ಅಂತಾನೇ ಲೆಕ್ಕಾನಾ?

ಉತ್ತರ (ಕೋಚ್): ಇಲ್ಲಪ್ಪ. 2017ರಲ್ಲಿ ಕಂಪಾಲದಲ್ಲಿ ವಿಶ್ವ ಕ್ರಾಸ್ ಕಂಟ್ರಿ ನಡೆದಾಗ ಉಗಾಂಡದ ಜೋಶುವಾ ಚೆಪ್ಟೆಗೈ ತನ್ನ ಜನದ ಎದುರಿಗೆ ಒಬ್ಬನೇ ಮುಂದೆ ಹೋಗಿದ್ದ, ಕೊನೇ ಸುತ್ತಲ್ಲಿ ಕಾಲು ಸೋತು ಹೋಗಿ 30ನೇಯವನಾಗಿ ಬಂದ, ಗೆದ್ದಿದ್ದು ಕೀನ್ಯಾದ ಕಾಮ್ವೊರೊರ್. ಅದೇ ಚೆಪ್ಟೆಗೈ 2019ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ, ಮ್ಯೂಸಿಯಂ ಒಂದರ ಹುಲ್ಲು ಹಾಸಿದ ಇಳಿಜಾರು ಚಾವಣಿ ಹತ್ತಿ ಓಡೋ ಕೋರ್ಸಲ್ಲಿ ಗೆದ್ದ, 2020ರಲ್ಲಿ ಟ್ರ್ಯಾಕಲ್ಲಿ 5000 ಮೀಟರಿಗೆ 12:35.36ರ ವಿಶ್ವದಾಖಲೆ ಮಾಡ್ದ. ಕಂಪಾಲದ ಶೀಟಲ್ಲಿ 30 ಅಂತ ಮಾತ್ರ ಇದೆ. ನಿಮ್ಮ 40 ಹೇಳ್ತಿರೋದು ವೇಗ ಹಂಚ್ಕೊಳ್ಳೋದು ಬರ್ತಿಲ್ಲ ಅಂತ, ಶಕ್ತಿ ಇಲ್ಲ ಅಂತ ಅಲ್ಲ. ಮುಂದಿನ ರೇಸಲ್ಲಿ ಮೊದಲನೇ ಕಿಲೋಮೀಟರ್ 20ನೇ ಸ್ಥಾನದ ಆಸುಪಾಸಲ್ಲಿ ಇದ್ದು ನೋಡಿ. ದಾರಿ ಬೇಗ ಕಿರಿದಾಗೋ ಕೋರ್ಸಾದ್ರೆ ಮಾತ್ರ ಶುರುವಲ್ಲಿ ಸ್ವಲ್ಪ ಮುಂದೆ ಹೋಗ್ಲೇಬೇಕು, ಇಲ್ಲಾಂದ್ರೆ ಅಲ್ಲಿ ಸಿಕ್ಕಿಹಾಕ್ಕೋತೀರಿ.

ಪ್ರಶ್ನೆ (ಶಾಲಾ ತಂಡ ನೋಡ್ಕೊಳ್ಳೋ ಟೀಚರ್): ತಂಡದ ಲೆಕ್ಕಕ್ಕೂ ಟೈಮ್ ಬೇಡ್ವಾ ಮೇಡಂ?

ಉತ್ತರ (ಕೋಚ್): ಬೇಡ ಟೀಚರ್, ಸ್ಥಾನಗಳನ್ನ ಕೂಡೋದು, ಕಮ್ಮಿ ಬಂದ ತಂಡ ಗೆಲ್ಲುತ್ತೆ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 6 ಜನ ಓಡಿದ್ರೆ 4 ಜನರದ್ದು ಲೆಕ್ಕಕ್ಕೆ ಬರುತ್ತೆ, ಅಮೆರಿಕದ ಕಾಲೇಜುಗಳಲ್ಲಿ 7ರಲ್ಲಿ 5. ನಿಮ್ಮ ಮೊದಲನೇ ಹುಡುಗ 1 ಸೆಕೆಂಡಲ್ಲಿ ಗೆದ್ರೂ 40 ಸೆಕೆಂಡಲ್ಲಿ ಗೆದ್ರೂ ತಂಡಕ್ಕೆ ಬರೋದು ಒಂದೇ ಪಾಯಿಂಟ್, ಆದ್ರೆ ನಾಲ್ಕನೇ ಹುಡುಗ ಗುಂಪಿನ ಮಧ್ಯೆ 5 ಸೆಕೆಂಡ್ ಬೇಗ ಬಂದ್ರೆ ಹತ್ತು ಜನರನ್ನ ದಾಟಿರ್ತಾನೆ, ಹತ್ತು ಪಾಯಿಂಟ್ ಉಳಿಯುತ್ತೆ. ಮೊದಲನೇಯವನಿಗೂ ಲೆಕ್ಕಕ್ಕೆ ಬರೋ ಕೊನೇಯವನಿಗೂ ನಡುವಿನ ಅಂತರ ಬರೆದಿಡ್ತಾ ಹೋಗಿ, ಮುಂದಿನವನು ನಿಧಾನ ಆಗದೇ ಅದು ಕಮ್ಮಿ ಆದ್ರೆ ತಂಡ ಸರಿ ದಾರೀಲಿದೆ.

ಪ್ರಶ್ನೆ (ಅಪ್ಪ): ಮೇಡಂ ಸುತ್ತಿನ ಟೈಮ್ ಸಿಕ್ತು. ಮೂರು ಸುತ್ತು, 8:20, 9:10, 9:05. ಸ್ಥಾನ 52, 40, 31.

ಉತ್ತರ (ಕೋಚ್): ಸರ್ ಇದು ತುಂಬಾ ಒಳ್ಳೇ ಓಟ! ನೂರಾರು ಕಾಲು ತುಳಿದು ಕೆಸರು ಸುತ್ತಿಂದ ಸುತ್ತಿಗೆ ಹದಗೆಡ್ತಾ ಹೋಗುತ್ತೆ, ಅಂಥದ್ರಲ್ಲಿ ಮೂರನೇ ಸುತ್ತು ಎರಡನೇದಕ್ಕಿಂತ ಬೇಗ ಓಡಿದ್ದಾಳೆ ಅಂದ್ರೆ ಮುಂದಿನವರು ಸುಸ್ತಾಗಿದ್ದಕ್ಕೆ ಮಾತ್ರ ಸ್ಥಾನ ಸಿಕ್ಕಿದ್ದಲ್ಲ, ಅವಳೇ ಹೋಗಿ ಹಿಡಿದಿದ್ದಾಳೆ. 52ರಲ್ಲಿ ಶುರು ಮಾಡಿದ್ದು ಸ್ವಲ್ಪ ಹಿಂದೆ ಆಯ್ತೇನೋ, ಅದು ಆಮೇಲೆ ಮಾತಾಡೋ ವಿಷಯ.

ಮುಂದಿನ ರೇಸಿಗೆ ನೀವು ಹೋದ್ರೆ ಫಿನಿಶ್ ಹತ್ರ ನಿಲ್ಬೇಡಿ, ಏರು ಮುಗಿಯೋ ಜಾಗದಲ್ಲಿ ನಿಂತ್ಕೊಳ್ಳಿ, ಪ್ರತೀ ಸುತ್ತಿಗೂ ಅದೇ ಜಾಗ. ಏರಲ್ಲಿ ಎಲ್ಲರೂ ಒದ್ದಾಡ್ತಾರೆ, ಅದು ಬಿಡಿ, ಮೇಲೆ ಬಂದ ಮೇಲಿನ ಇಪ್ಪತ್ತು ಹೆಜ್ಜೆ ನೋಡಿ. ಬಹಳ ಜನ ಅಲ್ಲಿ ಭುಜ ಇಳಿಬಿಟ್ಟು, ಹೆಜ್ಜೆ ಚಿಕ್ಕದು ಮಾಡಿ ಉಸಿರು ತಗೋತಾರೆ, ಕೆಲವರು ಮಾತ್ರ ಮೇಲೆ ಬಂದ ತಕ್ಷಣ ಕೈ ಬೀಸೋದು ಜೋರು ಮಾಡಿ ಹೆಜ್ಜೆ ಉದ್ದ ಮಾಡ್ತಾರೆ. ನಿಮ್ಮ ಮಗಳು ಮೂರನೇ ಸುತ್ತಲ್ಲಿ ಅಲ್ಲಿ ಏನು ಮಾಡ್ತಾಳೆ, ಮುಂದೆ ಎಷ್ಟನೇಯವಳು ಎಷ್ಟು ದೂರದಲ್ಲಿದ್ಲು ಅಂತ ಬರ್ಕೊಂಡು ಬನ್ನಿ, ಇಲ್ಲೇ ಹಾಕಿ, ನೋಡೋಣ.

ಪ್ರಶ್ನೆ (ಅಪ್ಪ): ಆಯ್ತು ಮೇಡಂ. ಲೆಕ್ಕದ ಪೇಪರ್ ಕೊಟ್ಟೆ, 27:04 ಬಂದಿದ್ದು ಸರಿನಾ ಅಂತ ಎರಡು ಸಲ ತಾನೇ ಲೆಕ್ಕ ಹಾಕಿ ನೋಡಿದ್ಲು. ಈಗ ಶೂಗೆ ಅಂಟಿರೋ ಕೆಸರು ಕೆರೀತಾ ಕೂತಿದ್ದಾಳೆ.