ಬಜೆಟ್‌ನಲ್ಲಿ ಹುದ್ದೆ ಭರ್ತಿ ಅಂತಾರೆ, ತಮ್ಮ ಇನ್ನೂ ಕಾಯಬೇಕಾ? ಅನುಭವ ಇದ್ದವರು ಹೇಳಿ

ಕೇಳಿದವರು

ತಮ್ಮ ಬಿಎಸ್ಸಿ ಮುಗಿಸಿ ಧಾರವಾಡದಲ್ಲಿ ರೂಮ್ ಮಾಡಿಕೊಂಡು ಪಿಎಸ್‌ಐ, ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಅಂತ ಓದುತ್ತಿದ್ದಾನೆ. ವಯಸ್ಸು 24. ಪ್ರತಿ ಸಲ ಬಜೆಟ್ ಬಂದಾಗ ಟಿವಿಯಲ್ಲಿ ಖಾಲಿ ಹುದ್ದೆ ಭರ್ತಿ ಅಂತ ಹೇಳುತ್ತಾರೆ. ಅಪ್ಪ ಅದನ್ನು ಕೇಳಿ "ಇನ್ನೊಂದು ವರ್ಷ ನೋಡೋಣ" ಅನ್ನುತ್ತಾರೆ. ಈಗ ಒಂದು ಕಾರ್ಖಾನೆಯಲ್ಲಿ ಒಂದು ವರ್ಷದ ಅಪ್ರೆಂಟಿಸ್ ಅವಕಾಶ ಬಂದಿದೆ. ತಿಂಗಳಿಗೆ ಒಂಬತ್ತು ಸಾವಿರ ಚಿಲ್ಲರೆ. "ಡಿಗ್ರಿ ಓದಿದ್ದು ಇದಕ್ಕಾ" ಅನ್ನುವುದು ತಮ್ಮನ ಮಾತು. ಸರ್ಕಾರ ನಿಜವಾಗಿಯೂ ಹುದ್ದೆ ತುಂಬುತ್ತದಾ? ಈ ದಾರಿಯಲ್ಲಿ ಹೋಗಿ ಬಂದವರು ದಯವಿಟ್ಟು ಹೇಳಿ.

ನಿವೃತ್ತ ಅಧೀಕ್ಷಕರು

ನನ್ನ ಸರ್ವಿಸಿನ ಬಹುಪಾಲು ಕಳೆದಿದ್ದು ಒಂದು ಇಲಾಖೆಯ ಸಿಬ್ಬಂದಿ ಶಾಖೆಯಲ್ಲಿ. ಖಾಲಿ ಹುದ್ದೆಗಳ ಪಟ್ಟಿ ತಯಾರಾಗುತ್ತಿದ್ದದ್ದೇ ನಮ್ಮ ಟೇಬಲ್ ಮೇಲೆ. ಹಾಗಾಗಿ ಸ್ವಲ್ಪ ಉದ್ದ ಆದರೂ ಬರೆಯುತ್ತೇನೆ.

ಭಾಷಣದಲ್ಲಿ ಬಂದ ಹುದ್ದೆ ಬೇರೆ, ಅಧಿಸೂಚನೆಯಲ್ಲಿ ಬರುವ ಹುದ್ದೆ ಬೇರೆ. ಮೊದಲು ಮಂಜೂರಾದದ್ದೆಷ್ಟು, ಖಾಲಿ ಎಷ್ಟು ಅಂತ ಲೆಕ್ಕ ಹಾಕಿ ಕಡತ ಆರ್ಥಿಕ ಇಲಾಖೆಗೆ ಹೋಗುತ್ತದೆ. ಅಲ್ಲಿ ಸಹಮತಿ ಸಿಕ್ಕರೆ ಮಾತ್ರ ಮುಂದಿನ ಮಾತು. ಕೇಳಿದ್ದರಲ್ಲಿ ಕಾಲು ಭಾಗಕ್ಕೆ ಒಪ್ಪಿಗೆ ಬಂದದ್ದೂ ಇದೆ, "ಹೊರಗುತ್ತಿಗೆಯಲ್ಲಿ ನಿಭಾಯಿಸಿಕೊಳ್ಳಿ" ಅಂತ ಷರಾ ಹಾಕಿ ವಾಪಸ್ ಕಳಿಸಿದ್ದೂ ಇದೆ. ಸಹಮತಿ ಬಂದ ಮೇಲೆ ವೃಂದ ಮತ್ತು ನೇಮಕಾತಿ ನಿಯಮ ನೋಡಬೇಕು, ರೋಸ್ಟರ್ ಬಿಂದು (ಯಾವ ಹುದ್ದೆ ಯಾವ ಮೀಸಲಾತಿಗೆ ಅನ್ನುವುದು) ಗುರುತಿಸಬೇಕು, ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಮೀಸಲಾದ ಹುದ್ದೆ ಬೇರೆ ತೆಗೆಯಬೇಕು. ಆಮೇಲೆ ನೇಮಕಾತಿ ಪರೀಕ್ಷೆ ನಡೆಸುವ ಕೆಪಿಎಸ್‌ಸಿಗೋ ಕೆಇಎಗೋ ಪ್ರಸ್ತಾವನೆ. ಅಲ್ಲಿಂದ ಅಧಿಸೂಚನೆ, ಪರೀಕ್ಷೆ, ಕೀ ಉತ್ತರ, ಆಕ್ಷೇಪಣೆ, ತಾತ್ಕಾಲಿಕ ಪಟ್ಟಿ, ಅಂತಿಮ ಪಟ್ಟಿ, ಜಾತಿ ಪ್ರಮಾಣಪತ್ರದ ಸಿಂಧುತ್ವ, ಪೊಲೀಸ್ ವೆರಿಫಿಕೇಶನ್. ನಡುವೆ ಯಾರಾದರೂ ಕೆಎಟಿಗೆ (ಕರ್ನಾಟಕ ಆಡಳಿತ ನ್ಯಾಯಮಂಡಳಿ) ಹೋದರೆ ಎಲ್ಲವೂ ಅಲ್ಲೇ ನಿಂತಿತು.

ಇನ್ನು ಯಾಕೆ ತುಂಬುವುದಿಲ್ಲ ಅನ್ನುವುದು. ನಮ್ಮ ರಾಜ್ಯದಲ್ಲಿ 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಇದೆ. ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 3 ದಾಟಬಾರದು, ಸಾಲ ಶೇ 25 ದಾಟಬಾರದು. ಖರ್ಚಿನಲ್ಲಿ ಸಂಬಳ, ಪಿಂಚಣಿ, ಬಡ್ಡಿ ಮೂರನ್ನೂ ಮುಟ್ಟುವ ಹಾಗಿಲ್ಲ. 2024ರ ಆಗಸ್ಟ್‌ನಿಂದ 7ನೇ ವೇತನ ಆಯೋಗದ ಶೇ 27.5 ಫಿಟ್‌ಮೆಂಟ್ (ಮೂಲ ವೇತನದ ಹೆಚ್ಚಳ) ಜಾರಿಯಾಯಿತು. 2025-26ರ ಬಜೆಟ್ 4.09 ಲಕ್ಷ ಕೋಟಿ, ಅದರಲ್ಲಿ ಗ್ಯಾರಂಟಿಗಳಿಗೇ ಸುಮಾರು 51 ಸಾವಿರ ಕೋಟಿ. ಗ್ಯಾರಂಟಿ ಬೇಡ ಅಂತ ನಾನು ಹೇಳುತ್ತಿಲ್ಲ, ನಮ್ಮ ಮನೆಯ ಹೆಂಗಸರೂ ಫ್ರೀ ಬಸ್ಸಿನಲ್ಲೇ ಓಡಾಡುವುದು. ಆದರೆ ಎಲ್ಲೋ ಒಂದು ಕಡೆ ಕೈ ಬಿಗಿ ಹಿಡಿಯಲೇಬೇಕು. ಕಾಮಗಾರಿ ನಿಲ್ಲಿಸಿದರೆ ಶಾಸಕರು ಕೇಳುತ್ತಾರೆ. ಪಿಂಚಣಿ ನಿಲ್ಲಿಸಿದರೆ ನಾವು ಬೀದಿಗಿಳಿಯುತ್ತೇವೆ. ಹುದ್ದೆ ಖಾಲಿ ಬಿಟ್ಟರೆ? ಆ ಕೆಲಸ ಯಾರಿಗೆ ಸಿಗಬೇಕಿತ್ತು ಅನ್ನುವುದು ಯಾರಿಗೂ ಗೊತ್ತಿಲ್ಲ, ಹಾಗಾಗಿ "ನನ್ನದು ಹೋಯ್ತು" ಅಂತ ಕೇಳುವವರೂ ಇಲ್ಲ. ಅದಕ್ಕೆ ಆದೇಶ ಕೂಡ ಬೇಡ. ಕಡತ ಸುಮ್ನೆ ಇದ್ದಲ್ಲೇ ಇದ್ದರೆ ಸಾಕು. ಎರಡೂವರೆ ಲಕ್ಷಕ್ಕಿಂತ ಜಾಸ್ತಿ ಹುದ್ದೆ ಖಾಲಿ ಬಿದ್ದಿರುವುದು ಹೀಗೆ.

ಇದರ ಮೇಲೆ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ ಆಗುವ ತನಕ ಹೊಸ ಅಧಿಸೂಚನೆ ಬೇಡ ಅಂತ 2024ರ ಅಕ್ಟೋಬರ್‌ನಲ್ಲಿ ಸಂಪುಟ ನಿರ್ಧರಿಸಿತು. ಅದು ನ್ಯಾಯದ ಪ್ರಶ್ನೆ, ನನ್ನ ತಕರಾರಿಲ್ಲ. ಆದರೆ ಓದುವ ಹುಡುಗರ ರೂಮ್ ಬಾಡಿಗೆ ನಿಲ್ಲಲಿಲ್ಲ, ಅಲ್ವಾ?

ಅಪ್ಪನಿಗೆ ಹೇಳಿ, ಬಜೆಟ್ ದಿನದ ಟಿವಿ ನೋಡಿ ಆಸೆ ಇಟ್ಟುಕೊಳ್ಳಬೇಡಿ ಅಂತ. ಆರ್ಥಿಕ ಇಲಾಖೆ ಸಹಮತಿ ಆಗಿದೆಯಾ, ಪ್ರಸ್ತಾವನೆ ಹೋಗಿದೆಯಾ, ಅಷ್ಟು ವಿಚಾರಿಸಿ.

ಪಿಎಸ್‌ಐ ಪರೀಕ್ಷೆ ಬರೆದವರು

ಮೇಲಿನ ಸರ್ ಹೇಳಿದ ಸಹಮತಿ ಸಿಕ್ಕ ಮೇಲೂ ತಡ ಆಗುವುದಕ್ಕೆ ಒಂದು ಉದಾಹರಣೆ. 545 ಪಿಎಸ್‌ಐ ಹುದ್ದೆಗೆ 2021ರಲ್ಲಿ ಅಧಿಸೂಚನೆ ಬಂತು, ಅಕ್ಟೋಬರ್‌ನಲ್ಲಿ ಪರೀಕ್ಷೆ ಆಯ್ತು. ಅಕ್ರಮ ಹೊರಬಿದ್ದು 2022ರ ಏಪ್ರಿಲ್‌ನಲ್ಲಿ ರದ್ದು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಇಲ್ಲಿ ಸಹಮತಿಯೂ ಇತ್ತು, ದುಡ್ಡೂ ಇತ್ತು. ನಮ್ಮ ರೂಮಿನಲ್ಲಿ ಇದ್ದವರಲ್ಲಿ ಒಬ್ಬ ಪಾಸಾಗಿ ಸೇರಿದ, ಉಳಿದವರು ಬೇರೆ ಬೇರೆ ಕಡೆ ಹೋದರು. ಓದಬೇಡ ಅಂತ ನಾನು ಹೇಳಲ್ಲ. ಓದುವುದೊಂದನ್ನೇ ಮಾಡಬೇಡ ಅಂತೀನಿ.

ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿರುವ ಬಿಎಸ್ಸಿ ಹುಡುಗಿ

ಅಣ್ಣ, ನಿಮ್ಮ ತಮ್ಮನ ಜಾಗದಲ್ಲಿ ನಾನಿದ್ದೆ. ಫಿಸಿಕ್ಸ್ ಓದಿ ಕೇಂದ್ರ ಸರ್ಕಾರದ ಅಪ್ರೆಂಟಿಸ್ ತರಬೇತಿ ಯೋಜನೆ ಎನ್‌ಎಟಿಎಸ್ ಮೂಲಕ ಅಪ್ರೆಂಟಿಸ್ ಆಗಿ ಸೇರಿದೆ. ಪದವೀಧರರಿಗೆ ಕನಿಷ್ಠ 9,000 ಸ್ಟೈಪೆಂಡ್ ಅಂತ 2019ರ ನಿಯಮದಲ್ಲಿ ಬಂತು. ಎನ್‌ಎಟಿಎಸ್‌ನಲ್ಲಿ ಆ ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರ ಸರ್ಕಾರ ಕೊಡುತ್ತದೆ. ಕಂಪನಿ ನಮ್ಮಂಥವರನ್ನು ತೆಗೆದುಕೊಳ್ಳುವುದಕ್ಕೆ ಅದೂ ಒಂದು ಕಾರಣ.

ಡಿಗ್ರಿಗೂ ಕೆಲಸಕ್ಕೂ ಎಷ್ಟು ಅಂತರ ಅಂತ ನನಗೆ ಅರ್ಥ ಆಗಿದ್ದು ಒಂದು ಬುಷ್ (ಕೊಳವೆಯಂಥ ಬಿಡಿಭಾಗ) ಅಳೆಯುವಾಗ. ವರ್ನಿಯರ್, ಮೈಕ್ರೋಮೀಟರ್ ಎರಡೂ ಕಾಲೇಜಿನ ಲ್ಯಾಬಿನಲ್ಲಿ ಬಳಸಿದ್ದೆ. ಲೀಸ್ಟ್ ಕೌಂಟ್, ಅಂದರೆ ಉಪಕರಣ ಅಳೆಯಬಲ್ಲ ಅತಿ ಸಣ್ಣ ಅಳತೆ, ನಿದ್ದೆಗಣ್ಣಲ್ಲೂ ಹೇಳುತ್ತಿದ್ದೆ. ಡ್ರಾಯಿಂಗ್‌ನಲ್ಲಿ 25 ಮಿಮೀ ಅಂತ ಇತ್ತು, ಪಕ್ಕದಲ್ಲಿ ±0.02, ಅಂದರೆ ಅಷ್ಟು ಹೆಚ್ಚು ಕಡಿಮೆ ಆದರೆ ಪರವಾಗಿಲ್ಲ. ನನ್ನ ಅಳತೆ 25.03. ಕಾಲೇಜಿನಲ್ಲಾದರೆ ರೆಕಾರ್ಡ್ ಬುಕ್ಕಿನಲ್ಲಿ ಬರೆದು ಸಹಿ ಮಾಡಿಸಿದರೆ ಮುಗಿಯಿತು. ಇಲ್ಲಿ ಪ್ರಶ್ನೆ ಶುರುವಾಗುವುದೇ ಆಮೇಲೆ. ಇದನ್ನು ರಿಜೆಕ್ಟ್ ಮಾಡಬೇಕಾ, ರೀವರ್ಕ್‌ಗೆ ಕಳಿಸಬೇಕಾ? ಮಿಷಿನ್ ನಿಲ್ಲಿಸಿ ಅಂತ ಆಪರೇಟರ್‌ಗೆ ಹೇಳುವ ಅಧಿಕಾರ ನನಗಿದೆಯಾ? ಹಿಂದಿನ ಟ್ರೇನಲ್ಲಿ ಇರುವ ಪೀಸ್‌ಗಳ ಕಥೆ ಏನು? ಇದು ಯಾವ ಸಿಲಬಸ್‌ನಲ್ಲೂ ಇರಲಿಲ್ಲ. ಕಲಿಸಿದವರು ಐಟಿಐ ಓದಿದ ಸೀನಿಯರ್ ಆಪರೇಟರ್. ಟೂಲ್ ಸವೆದಿದೆ ಅಂತ ಅವರು ಶಬ್ದದಲ್ಲೇ ಹೇಳುತ್ತಿದ್ದರು.

ಎಚ್ಚರಿಕೆಯೂ ಹೇಳಬೇಕು. ಅಪ್ರೆಂಟಿಸ್ ಅಂತ ಕರೆದು ವರ್ಷಪೂರ್ತಿ ಪ್ಯಾಕಿಂಗ್ ಮಾಡಿಸುವ ಕಡೆಗಳೂ ಇವೆ, ನನ್ನ ಗೆಳತಿಗೆ ಹಾಗೇ ಆಯ್ತು. ಒಪ್ಪಂದ ಪೋರ್ಟಲ್‌ನಲ್ಲಿ ನೋಂದಣಿ ಆಗುತ್ತದಾ, ಯಾವ ವಿಭಾಗದಲ್ಲಿ ಎಷ್ಟು ತಿಂಗಳು, ಕೊನೆಗೆ ಸರ್ಟಿಫಿಕೇಟ್ ಯಾರು ಕೊಡುತ್ತಾರೆ, ಇಷ್ಟನ್ನು ಸೇರುವ ಮೊದಲೇ ಕೇಳಿ. ಯುವನಿಧಿಯ 3,000 ಬರುತ್ತಿದ್ದರೆ ಅಪ್ರೆಂಟಿಸ್ ಆದ ಮೇಲೆ ಅದು ನಿಲ್ಲುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್ ನಡೆಸುವವರು

ಕೆಲಸ ಕೊಡುವವರ ಕಡೆಯಿಂದ ಎರಡು ಮಾತು. ನಮ್ಮಲ್ಲಿ ವಾಲ್ವ್‌ನ ಬಿಡಿಭಾಗ ಮಾಡುತ್ತೇವೆ. ಮನೆಮನೆಗೆ ನಲ್ಲಿ ನೀರು ಕೊಡುವ ಜಲ ಜೀವನ್ ಮಿಷನ್ ಜೋರಾಗಿ ನಡೆಯುವಾಗ ಎರಡು ಶಿಫ್ಟ್ ಓಡುತ್ತಿತ್ತು. 2024-25ರ ಕೇಂದ್ರ ಬಜೆಟ್‌ನಲ್ಲಿ ಆ ಯೋಜನೆಗೆ 70 ಸಾವಿರ ಕೋಟಿ ಇಟ್ಟು, ಪರಿಷ್ಕೃತ ಅಂದಾಜಿನಲ್ಲಿ 22,694 ಕೋಟಿಗೆ ಇಳಿಸಿದರು. ಗುತ್ತಿಗೆದಾರರಿಗೆ ಬಿಲ್ ಬರಲಿಲ್ಲ, ಅವರಿಂದ ನಮಗೆ ಆರ್ಡರ್ ಬರಲಿಲ್ಲ. ಹೊಸ ಹುಡುಗರನ್ನು ತೆಗೆದುಕೊಳ್ಳುವುದು ನಿಲ್ಲಿಸಿದೆ. ಬಜೆಟ್ ಅಂದರೆ ಸರ್ಕಾರಿ ನೌಕರಿ ಅಷ್ಟೇ ಅಂತ ಜನ ತಿಳಿದಿದ್ದಾರೆ. ನನ್ನಂಥವನ ಶೆಡ್ಡಿನಲ್ಲಿ ಲೇಥ್ ತಿರುಗಬೇಕಾ ಬೇಡವಾ ಅನ್ನುವುದೂ ಅಲ್ಲೇ ತೀರ್ಮಾನ ಆಗುತ್ತದೆ.

ಸರ್ಕಾರದ ಹಣಕಾಸಿನ ಬಗ್ಗೆ ಅಧ್ಯಯನ ಮಾಡುವ ಎನ್‌ಐಪಿಎಫ್‌ಪಿ ಸಂಸ್ಥೆಯವರ ಒಂದು ಅಂದಾಜು ಇದೆ: ಸರ್ಕಾರ ಬಂಡವಾಳ ಕಾಮಗಾರಿಗೆ 1 ರೂಪಾಯಿ ಹಾಕಿದರೆ ಒಟ್ಟು ಉತ್ಪನ್ನ 2.45 ರೂಪಾಯಿ ಬೆಳೆಯುತ್ತದೆ, ನೇರವಾಗಿ ಜನರಿಗೆ ವರ್ಗಾಯಿಸಿದರೆ 0.98. ಇದನ್ನು ಹಿಡಿದುಕೊಂಡು ಗ್ಯಾರಂಟಿ ದಂಡ ಅನ್ನುವವರಿದ್ದಾರೆ. ನಾನು ಹಾಗೆ ಹೇಳಲ್ಲ. ಕೈಗೆ ಬಂದ ದುಡ್ಡು ಆ ತಿಂಗಳೇ ಅಂಗಡಿಗೆ ಬರುತ್ತದೆ, ಕಾಮಗಾರಿಯ ದುಡ್ಡು ಬಿಲ್ ಪಾಸಾದಾಗ. ಮತ್ತೆ, ಅರ್ಧಕ್ಕೆ ನಿಂತ ಪೈಪ್‌ಲೈನ್‌ನಿಂದ ಯಾರಿಗೆ ಏನು ಬಂತು?

ನನಗೆ ಬರುವ ಹತ್ತು ಬಯೋಡೇಟಾದಲ್ಲಿ ಹೆಚ್ಚಿನವು ಡಿಗ್ರಿಯವು. ನಾನು ಹುಡುಕುವುದು ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿಯ ಹುಡುಗರನ್ನು. ಮೂರು ವರ್ಷ ಟೂಲ್ ಅಂಡ್ ಡೈ ಡಿಪ್ಲೊಮಾ, ಮೇಲೆ ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಅವರು ನನ್ನ ತನಕ ಬರುವುದೇ ಇಲ್ಲ, ದೊಡ್ಡ ಕಂಪನಿಯವರು ಮೊದಲೇ ಎತ್ತಿಕೊಳ್ಳುತ್ತಾರೆ.

ಪದವಿ ಕಾಲೇಜಿನ ಅಧ್ಯಾಪಕಿ

ಡಿಗ್ರಿಯವರು ಇಷ್ಟು ಜಾಸ್ತಿ, ಜಿಟಿಟಿಸಿಯವರು ಇಷ್ಟು ಕಡಿಮೆ ಯಾಕೆ ಅನ್ನುವುದಕ್ಕೆ ಉತ್ತರವೂ ಬಜೆಟ್‌ನಲ್ಲೇ ಇದೆ. ಒಂದು ಪದವಿ ಕಾಲೇಜು ತೆರೆಯುವುದು ಸರ್ಕಾರಕ್ಕೆ ಅಗ್ಗ. ನಾಲ್ಕು ಕೊಠಡಿ, ಬೋರ್ಡು, ಅತಿಥಿ ಉಪನ್ಯಾಸಕರು. ಶಾಸಕರಿಗೆ ಉದ್ಘಾಟನೆಯೂ ಆಯ್ತು. ಜಿಟಿಟಿಸಿಯಂಥ ಟೂಲ್ ರೂಮ್ ಅಂದರೆ ಮಿಷಿನ್ ಬೇಕು, ಕಚ್ಚಾ ಮಾಲು ಬೇಕು, ವರ್ಷ ವರ್ಷ ರಿಪೇರಿ ದುಡ್ಡು ಬೇಕು. 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಲು ನಾಲ್ಕೂವರೆ ಸಾವಿರ ಕೋಟಿಗೂ ಹೆಚ್ಚು ಬೇಕಾಯಿತು, ಅದರ ಬಹುಪಾಲು ಖಾಸಗಿ ಪಾಲುದಾರರು ಹಾಕಿದ್ದು. ಅಗ್ಗವಾಗಿ ಸಿಗುವುದು ಪದವಿ. ಹಾಗಾಗಿ ಪದವಿ ಜಾಸ್ತಿ.

ಸಿಲಬಸ್ ಕಥೆಯಂತೂ ಕೇಳಲೇಬೇಡಿ. 2021-22ರಲ್ಲಿ ನಾಲ್ಕು ವರ್ಷದ ಡಿಗ್ರಿ ಬಂತು, 2024-25ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂದೆವು. ನಮ್ಮ ಸ್ಟಾಫ್ ರೂಮಿನಲ್ಲಿ ಯಾವ ಬ್ಯಾಚಿಗೆ ಯಾವ ಪೇಪರ್ ಅಂತ ಗೋಡೆಗೆ ಪಟ್ಟಿ ಅಂಟಿಸಿಕೊಂಡಿದ್ದೆವು.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ (ಐಎಲ್‌ಒ) ಮತ್ತು ದೆಹಲಿಯ ಸಂಶೋಧನಾ ಸಂಸ್ಥೆ ಐಎಚ್‌ಡಿಯವರ 2024ರ ಭಾರತ ಉದ್ಯೋಗ ವರದಿ ಪ್ರಕಾರ, 2022ರಲ್ಲಿ ಓದು ಬರಹ ಬಾರದ ಯುವಜನರಲ್ಲಿ ನಿರುದ್ಯೋಗ ಶೇ 3.4, ಪದವೀಧರರಲ್ಲಿ ಶೇ 29.1. ಓದಿದರೆ ಕೆಲಸ ಸಿಗಲ್ಲ ಅಂತ ಇದರರ್ಥ ಅಲ್ಲ. ಬಡವರಿಗೆ ಕೆಲಸ ಇಲ್ಲದೆ ಕೂರುವಷ್ಟು ಅನುಕೂಲ ಇಲ್ಲ, ಸಿಕ್ಕಿದ್ದು ಮಾಡುತ್ತಾರೆ. ಓದಿದವರು ಓದಿಗೆ ತಕ್ಕ ಕೆಲಸಕ್ಕೆ ಕಾಯುತ್ತಾರೆ, ಮನೆಯವರು ಸಾಕುತ್ತಾರೆ. ಆ ಕಾಯುವಿಕೆಯೇ ಈ ಅಂಕಿಯಲ್ಲಿ ಕಾಣುವುದು. ಹಾಗೆ ಕಾದವರಿಗೂ ತಕ್ಕ ಕೆಲಸ ಸಿಗುತ್ತದೆ ಅಂತಿಲ್ಲ: ಪದವೀಧರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಓದಿಗಿಂತ ಕೆಳಗಿನ ಕೆಲಸದಲ್ಲಿದ್ದಾರೆ ಅಂತ ಕೇಂದ್ರದ 2024-25ರ ಆರ್ಥಿಕ ಸಮೀಕ್ಷೆಯೇ ಹೇಳಿದೆ. ನಿಮ್ಮ ತಮ್ಮ "ಡಿಗ್ರಿ ಓದಿದ್ದು ಇದಕ್ಕಾ" ಅಂದಾಗ ಬೈಯಬೇಡಿ. ಆ ಪ್ರಶ್ನೆಯನ್ನು ನಾವು ಕಲಿಸುವವರೂ ಕೇಳಿಸಿಕೊಳ್ಳಬೇಕು.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ತಮ್ಮನಿಗೂ ಓದಿ ಹೇಳಿದೆ. ಅವನ ಪ್ರಶ್ನೆ ಒಂದೇ: ಈಗ ಅಪ್ರೆಂಟಿಸ್‌ಗೆ ಹೋದರೆ ಪರೀಕ್ಷೆ ಕೈತಪ್ಪುತ್ತದಾ?

ನಿವೃತ್ತ ಅಧೀಕ್ಷಕರು

ವಯಸ್ಸಿನ ಲೆಕ್ಕ ಹಾಕಿ. ಎಫ್‌ಡಿಎಯಂಥ ಗ್ರೂಪ್ ಸಿ ಹುದ್ದೆಗೆ ಮೂಲ ನಿಯಮದಲ್ಲೇ ಸಾಮಾನ್ಯ ವರ್ಗಕ್ಕೆ 35ರ ತನಕ ಅವಕಾಶ, ಹಿಂದುಳಿದ ವರ್ಗಗಳಲ್ಲಿ 2ಎ, 2ಬಿ, 3ಎ, 3ಬಿಗೆ 38, ಪರಿಶಿಷ್ಟರಿಗೆ ಮತ್ತು ಪ್ರವರ್ಗ-1ಕ್ಕೆ 40. ಪಿಎಸ್‌ಐಗೆ ಮಾತ್ರ ಕಡಿಮೆ, ಅವನ ಮನಸ್ಸು ಅದರ ಮೇಲೇ ಇದ್ದರೆ ಆ ಅಧಿಸೂಚನೆ ಮೇಲೆ ಕಣ್ಣಿಟ್ಟಿರಲಿ. ಎನ್‌ಎಟಿಎಸ್‌ಗೆ ಡಿಗ್ರಿ ಮುಗಿದ ಐದು ವರ್ಷದೊಳಗೆ ಸೇರಬೇಕು. ಅಂದರೆ ಮೊದಲು ಮುಚ್ಚುವುದು ಅಪ್ರೆಂಟಿಸ್ ಬಾಗಿಲು, ಪರೀಕ್ಷೆಯದ್ದಲ್ಲ.

ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿರುವ ಬಿಎಸ್ಸಿ ಹುಡುಗಿ

ಜನರಲ್ ಶಿಫ್ಟ್ ಕೊಡುತ್ತಾರಾ ಕೇಳಿ ಅಣ್ಣ. ನೈಟ್ ಶಿಫ್ಟ್ ಇದ್ದರೆ ಓದು ಆಗಲ್ಲ. ಒಪ್ಪಂದದ ಪ್ರತಿ ಸಿಕ್ಕರೆ ಹೆಸರು ಮುಚ್ಚಿ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.