ತೂಕ ಇಳಿಯಿತು, ಚೆಂಡಿನ ಜೋರೂ ಹೋಯಿತು

ಪಿಚರ್ ಹುಡುಗ, ಮೈಸೂರು:
ಕಾಲೇಜು ಬೇಸ್‌ಬಾಲ್ ತಂಡದಲ್ಲಿ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನು. ಎತ್ತರ 172 ಸೆಂ.ಮೀ., ತೂಕ 76 ಕೆಜಿ ಇತ್ತು. ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ) 25.7 ಬಂತು, ಜಾಸ್ತಿ ಅಂತ ಕೋಚ್ 68ಕ್ಕೆ ಇಳಿ ಅಂದರು. ರಾತ್ರಿ ಊಟ ಬಿಟ್ಟೆ, ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ಓಡುತ್ತಿದ್ದೇನೆ. ಮೂರು ವಾರದಲ್ಲಿ 73ಕ್ಕೆ ಬಂದೆ. ಜಿಮ್ ಮೆಷಿನ್‌ನಲ್ಲಿ ಕೊಬ್ಬು 20% ಇದ್ದದ್ದು 19% ಆಗಿದೆ. ಖುಷಿಪಡಬೇಕು ತಾನೇ? ಆದರೆ ಚೆಂಡಿನಲ್ಲಿ ಮೊದಲಿನ ಜೋರೇ ಇಲ್ಲ, ಎರಡನೇ ಇನ್ನಿಂಗ್ಸ್‌ಗೇ ಕೈ ಸೋಲುತ್ತದೆ. ಯಾಕೆ?

ಮಂಡ್ಯದ ಕ್ಯಾಚರ್:
ನೀನು ಕೊಟ್ಟ ಲೆಕ್ಕದಲ್ಲೇ ಉತ್ತರ ಇದೆ ಗುರು. 76ರಲ್ಲಿ 20% ಅಂದರೆ ಕೊಬ್ಬು 15.2 ಕೆಜಿ. 73ರಲ್ಲಿ 19% ಅಂದರೆ ಸುಮಾರು 13.9. ಇಳಿದ 3 ಕೆಜಿಯಲ್ಲಿ ಕೊಬ್ಬು 1.3 ಮಾತ್ರ, ಉಳಿದ 1.7 ನೀರು, ಸ್ನಾಯು ಇಂಥದ್ದೇ. ಬಿಎಂಐಗೆ ಕೊಬ್ಬು ಯಾವುದು, ತೊಡೆಯ ಸ್ನಾಯು ಯಾವುದು ಗೊತ್ತಾಗಲ್ಲ. ಅಂದಹಾಗೆ ಆ ಮೆಷಿನ್ನನ್ನೂ ಪೂರ್ತಿ ನಂಬಬೇಡ, ಮೈಯಲ್ಲಿ ನೀರು ಕಡಿಮೆಯಿದ್ದರೆ ಕೊಬ್ಬು ಜಾಸ್ತಿ ತೋರಿಸುತ್ತದೆ. ಬೆಳಿಗ್ಗೆ ಎದ್ದು, ತಿಂಡಿಗೆ ಮೊದಲು, ಪ್ರತಿ ಸಲ ಅದೇ ಹೊತ್ತಿಗೆ ನೋಡು.

ಸುಮ್ನೆ ಬಂದವನು:
ಅಮೆರಿಕದ ಹಳೇ ಬೇಸ್‌ಬಾಲ್ ದಿಗ್ಗಜ ಬೇಬ್ ರೂತ್ ಹೊಟ್ಟೆ ಬಿಟ್ಟುಕೊಂಡೇ 714 ಹೋಂ ರನ್ ಬಾರಿಸಿದ. ನಮ್ಮ ಕೋಚ್‌ಗಳ ಕೈಗೆ ಸಿಕ್ಕಿದ್ದರೆ ತಂಡಕ್ಕೆ ನೀರು ಹೊರುತ್ತಿದ್ದ.

ಹಳೇ ಔಟ್‌ಫೀಲ್ಡರ್:
ಹಾಗಂತ ಹೊಟ್ಟೆ ಬೆಳೆಸುವುದೂ ಬೇಡ, ಔಟ್‌ಫೀಲ್ಡ್‌ನಲ್ಲಿ ಓಡಿದವನಿಗೇ ಆ ಕಷ್ಟ ಗೊತ್ತು. ಆದರೆ ಪಿಚರ್‌ಗೆ ಕೆರೆ ಸುತ್ತುವುದರಿಂದ ಅಷ್ಟೇನೂ ಲಾಭವಿಲ್ಲ. ಒಂದು ಎಸೆತ, ಆಮೇಲೆ ಸ್ವಲ್ಪ ಬಿಡುವು, ಮತ್ತೆ ಇನ್ನೊಂದು ಎಸೆತ, ಇದೇ ತಾನೇ ನಿನ್ನ ಕೆಲಸ? ಬ್ಯಾಟರ್ ಕಡೆಗೆ 18.44 ಮೀಟರ್ ದೂರಕ್ಕೆ ಚೆಂಡನ್ನು ತಳ್ಳುವ ಬಲ ಕಾಲಿನಿಂದ ಶುರುವಾಗಿ ಸೊಂಟ ತಿರುಗಿ ಭುಜಕ್ಕೆ ಬರುತ್ತದೆ, ಕೈ ಕೊನೆಯದು. ಅದಕ್ಕೇ ಸ್ಕ್ವಾಟ್, ಮೆಡಿಸಿನ್ ಬಾಲ್ ತಿರುಗಿಸಿ ಎಸೆಯುವುದು, 30 ಮೀಟರ್ ಒಳಗಿನ ಜೋರು ಓಟ ಮಾಡು. ರಾತ್ರಿ ಊಟ ಬಿಡಬೇಡ. ಮುದ್ದೆ ಉಣ್ಣು, ಆದರೆ ಮುದ್ದೆ ಒಂದರಿಂದಲೇ ಪ್ರೊಟೀನ್ ಸಾಲದು, ಜೊತೆಗೆ ಹುರುಳಿಕಾಳು, ಮೊಟ್ಟೆ ಇರಲಿ. ಭುಜ ನೋಯುತ್ತಿದ್ದರೆ ಮಾತ್ರ ಎಸೆಯುವುದು ನಿಲ್ಲಿಸಿ ಫಿಸಿಯೋ ಹತ್ರ ಹೋಗು.

ಪಿಚರ್ ಹುಡುಗ, ಮೈಸೂರು:
ನೋವಿಲ್ಲ, ಸುಸ್ತು ಅಷ್ಟೇ. ಇವತ್ತು ರಾತ್ರಿ ಉಣ್ಣುತ್ತೇನೆ. ಆದರೆ ಈ 1.7ರ ಲೆಕ್ಕ ಕೋಚ್‌ಗೆ ಹೇಳುವುದು ಹೇಗೆ? ಎದುರು ಮಾತಾಡಿದೆ ಅಂದುಕೊಳ್ಳುತ್ತಾರೆ.

ಮಂಡ್ಯದ ಕ್ಯಾಚರ್:
ಬಾಯಲ್ಲಿ ಹೇಳಬೇಡ. ಒಂದು ಬೇಸ್‌ನಿಂದ ಇನ್ನೊಂದಕ್ಕೆ 27.4 ಮೀಟರ್ ಅಲ್ವಾ, ಆ ಓಟದ ಟೈಮನ್ನು ವಾರಕ್ಕೊಮ್ಮೆ ತೂಕದ ಪಕ್ಕದಲ್ಲೇ ಬರೆದಿಡು. ತಿಂಗಳಾದ ಮೇಲೆ ಆ ಪುಸ್ತಕವನ್ನೇ ಅವರ ಕೈಗೆ ಕೊಡು.