ಸಹಾಯ ಬೇಕು: ಸಣ್ಣ ಕಾಯರ್‌ಗೆ ಹಳೆಯ ಕವಿತೆಗಳ ಸಂಗೀತ ಸಂಯೋಜನೆ

ನಮಸ್ಕಾರ. ನಮ್ಮದು 12 ಜನರ ಕಾಯರ್, ಅಂದರೆ ಬೇರೆ ಬೇರೆ ದನಿಗಳಲ್ಲಿ ಒಟ್ಟಿಗೆ ಹಾಡುವ ಗುಂಪು. ಸೊಪ್ರಾನೊ, ಆಲ್ಟೊ (ಹೆಂಗಸರ ಮೇಲಿನ, ಕೆಳಗಿನ ದನಿ) ಧಾರಾಳ. ಟೆನರ್ (ಗಂಡಸರ ಮೇಲಿನ ದನಿ) ಇಬ್ಬರೇ, ಅದರಲ್ಲೊಬ್ಬರಿಗೆ ಸದಾ ನೆಗಡಿ. ಇಂಗ್ಲಿಷ್ ಸಂಗೀತಕಾರ ವಾನ್ ವಿಲಿಯಮ್ಸ್ 1951ರಲ್ಲಿ ಷೇಕ್ಸ್‌ಪಿಯರ್ ಸಾಲುಗಳಿಗೆ ಮಾಡಿದ ಮೂರು ಗೀತೆಗಳನ್ನು ಹಿಡಿದೆವು. ಮೊದಲನೆಯದರಲ್ಲೇ ಎಡವಿದೆವು: ಗಂಟೆಯ 'ಡಿಂಗ್ ಡಾಂಗ್' ಬರುವಾಗ ದನಿಗಳು ಒಡೆದು, ಒಬ್ಬೊಬ್ಬರ ಪಾಲಿಗೆ ಒಂದೊಂದು ಸ್ವರ. ಪಕ್ಕವಾದ್ಯವೂ ಇಲ್ಲವಲ್ಲ, ಮುಗಿಯುವಷ್ಟರಲ್ಲಿ ಶ್ರುತಿ ಅರ್ಧ ಸ್ವರ ಇಳಿದಿರುತ್ತದೆ.

ಬ್ಲೇಕ್, ಕ್ರಿಸ್ಟೀನಾ ರೊಸೆಟ್ಟಿ ಥರದವರ ಕವಿತೆಗೆ ಮೂರೇ ದನಿಯ, ಗಂಡಸರಿಗೆಲ್ಲ ಒಂದೇ ಸಾಲಿರುವ, ಪಿಯಾನೊ ಆಸರೆಯ ಸಂಯೋಜನೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಕವಿತೆ ಹಕ್ಕುಮುಕ್ತವಾದರೂ ಸಂಗೀತದ ಹಕ್ಕು ಬೇರೆ ಅಂತ ಗೊತ್ತು, ಪ್ರತಿ ಕೊಂಡೇ ಹಾಡುತ್ತೇವೆ. ಮಾತು ಸ್ಪಷ್ಟವಾಗಿ ಕೇಳಿಸಬೇಕು, ನನ್ನ ಹಟ ಅಷ್ಟೇ, 'ಆ...' ಅಂತ ಎಳೆಯುವುದರಲ್ಲೇ ಕವಿತೆ ಮುಳುಗಿಹೋಗುವಂಥದ್ದು ಬೇಡ.